ಕೆಂಗೇರಿಯಿಂದ ಚರ್ಚ್ ಸ್ಟ್ರೀಟಿಗೆ ದಿನಾ ಬೈಕು: ಕ್ಲಚ್ಚು, ಮೈಲೇಜು, ಮಳೆ

ಪ್ರಶ್ನೆ: ಮನೆ ಕೆಂಗೇರಿ ಉಪನಗರದಲ್ಲಿ, ಕಚೇರಿ ಚರ್ಚ್ ಸ್ಟ್ರೀಟ್ ಹತ್ತಿರ. ಹೋಗಿ ಬರಲು ಸುಮಾರು 36 ಕಿ.ಮೀ. ನನ್ನದು 2017ರ 125 ಸಿಸಿ ಬೈಕು, ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಕ್ಲಚ್ ವೈರು ಕಿತ್ತುಹೋಯಿತು. ಮೈಲೇಜು 60ರಿಂದ 45ಕ್ಕೆ ಇಳಿದಿದೆ. ಎಡಗೈ ಮಣಿಕಟ್ಟು ನೋಯುತ್ತದೆ. ಮಳೆಯಲ್ಲಿ ಒಮ್ಮೆ ಜಾರಿ ಬಿದ್ದಿದ್ದೇನೆ. 350 ಸಿಸಿ ಬೈಕು ತಗೊಳ್ಳಲೇ, ಸ್ಕೂಟರಿಗೆ ಹೋಗಲೇ, ಇಲ್ಲ ಮೆಟ್ರೊ ಹಿಡಿಯಲೇ?

ಉತ್ತರ: ಸದ್ಯಕ್ಕೆ ಬೈಕು ಬದಲಿಸಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೆ ಬೇರು ಒಂದೇ ಕಡೆ ಇರುವ ಹಾಗಿದೆ, ಅದು ಕ್ಲಚ್ಚು. ನಾಲ್ಕನೆಯದಕ್ಕೆ ಟೈರು ಮತ್ತು ಬ್ರೇಕು ನೋಡಬೇಕು.

ಮೊದಲು ಒಂದು ಲೆಕ್ಕ. ನಿಮ್ಮ 36 ಕಿಲೋಮೀಟರಿಗೆ ಎರಡೂಕಾಲು ಗಂಟೆ, ಅಂದರೆ ಸರಾಸರಿ ವೇಗ ಗಂಟೆಗೆ 16 ಕಿ.ಮೀ. ಈ ವೇಗದಲ್ಲಿ 3,000 ಕಿ.ಮೀ. ಓಡಿಸಲು ಎಂಜಿನ್ ಸುಮಾರು 190 ಗಂಟೆ ತಿರುಗಬೇಕು. ಅದೇ ಬೈಕು ಹಳ್ಳಿ ಕಡೆ 50ರ ವೇಗದಲ್ಲಿ ಓಡಿದ್ದರೆ 60 ಗಂಟೆ ಸಾಕಿತ್ತು. ಮೀಟರಿನಲ್ಲಿ ಕಾಣುವ ಸಂಖ್ಯೆ ಒಂದೇ, ಎಂಜಿನ್ ದುಡಿದದ್ದು ಮೂರು ಪಟ್ಟು. ಕ್ಲಚ್ಚು, ಬ್ರೇಕು, ಎಂಜಿನ್ ಆಯಿಲ್ಲು, ಸ್ಟಾರ್ಟರು, ಬ್ಯಾಟರಿ ಇವೆಲ್ಲ ಪೇಟೆಯಲ್ಲಿ ಗಂಟೆಯ ಲೆಕ್ಕದಲ್ಲಿ ಸವೆಯುತ್ತವೆ, ಕಿಲೋಮೀಟರಿನ ಲೆಕ್ಕದಲ್ಲಲ್ಲ. ಸರ್ವಿಸ್ ಪುಸ್ತಕದಲ್ಲಿರುವ ಅವಧಿಯನ್ನು ಅರ್ಧ ಮಾಡಿಕೊಳ್ಳಿ ಎಂದು ಅನುಭವಿ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ಅದರಲ್ಲಿ ವ್ಯಾಪಾರದ ಆಸೆ ಇಲ್ಲ.

ಕ್ಲಚ್ಚು

ಕ್ಲಚ್ ವೈರು ಒಂದೇ ಏಟಿಗೆ ಕಿತ್ತುಹೋಗುವುದು ಅಪರೂಪ. ಲಿವರಿನ ಒಳಗೆ ಕೂರುವ ಲೋಹದ ಗುಂಡಿನ ಹತ್ತಿರ ಒಂದೊಂದೇ ಎಳೆ ಕಡಿಯುತ್ತಾ ಬರುತ್ತದೆ. ಆ ಗುಂಡು ತನ್ನ ಗೂಡಿನಲ್ಲಿ ಸಲೀಸಾಗಿ ತಿರುಗಬೇಕು. ಗ್ರೀಸ್ ಒಣಗಿದ್ದರೆ ತಿರುಗುವುದಿಲ್ಲ, ಆಗ ಲಿವರ್ ಒತ್ತಿದಷ್ಟು ಸಲವೂ ವೈರು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಮೈಸೂರು ರಸ್ತೆಯ ದಟ್ಟಣೆಯಲ್ಲಿ ಒಂದು ದಿನಕ್ಕೆ ಇದು ನೂರಾರು ಸಲ ಆಗುವ ಕೆಲಸ. ತಿಂಗಳಿಗೊಮ್ಮೆ ಲಿವರಿನ ರಬ್ಬರ್ ಮುಚ್ಚಳ ಸರಿಸಿ ನೋಡಿ. ಒಂದು ಎಳೆ ಹೊರಗೆ ಚಾಚಿದ್ದರೂ ವೈರು ಬದಲಿಸಿ, ಗುಂಡಿಗೂ ಲಿವರಿನ ಬೋಲ್ಟಿಗೂ ಕಡಲೆ ಗಾತ್ರದಷ್ಟು ಗ್ರೀಸ್ ಹಚ್ಚಿಸಿ. ಹೊಸ ವೈರು ಹಾಕಿಸುವಾಗ ಅದು ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಎಲ್ಲೂ ಬಿಗಿಯಬಾರದು, ಹೆಡ್‌ಲೈಟಿನ ಹಿಂದೆ ಚೂಪಾಗಿ ಬಾಗಬಾರದು. ಎರಡು ಸಲ ಕಿತ್ತಿದೆ ಎಂದರೆ ದಾರಿ ತಪ್ಪಿಸಿ ಎಳೆದಿರುವ ಸಂಶಯವೂ ಇದೆ. ಹಳೆಯ ಬೈಕುಗಳಲ್ಲಿ ಲಿವರಿನ ರಂಧ್ರವೇ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಹಾಗಿದ್ದರೆ ಲಿವರೂ ಹೊಸದು ಬೇಕು, ಇಲ್ಲದಿದ್ದರೆ ಮೂರನೆಯ ವೈರೂ ಅದೇ ಗತಿ.

ಇನ್ನೊಂದು ಉಪಾಯ: ಬಿಡಿ ವೈರೊಂದನ್ನು ಹಳೆಯ ವೈರಿನ ಪಕ್ಕದಲ್ಲೇ ಮೊದಲೇ ಎಳೆದು ಟೈ ಕಟ್ಟಿಸಿಡಿ. ನಡುದಾರಿಯಲ್ಲಿ ಕಿತ್ತರೆ ಟ್ಯಾಂಕು ಬಿಚ್ಚುವ ಕೆಲಸವಿಲ್ಲ, ಎರಡು ತುದಿ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಹೊರಡಬಹುದು.

ಈಗ ಹೊಂದಾಣಿಕೆ. ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಆಟ ಇರಬೇಕು, ಅಂದರೆ ಅಷ್ಟು ದೂರ ಲಿವರು ಏನೂ ಕೆಲಸ ಮಾಡದೆ ಸಡಿಲವಾಗಿ ಸರಿಯಬೇಕು. ಆಟವೇ ಇಲ್ಲದಿದ್ದರೆ ಕ್ಲಚ್ ಪ್ಲೇಟುಗಳು ಪೂರ್ತಿ ಕಚ್ಚುವುದಿಲ್ಲ, ಸದಾ ಅರೆಜಾರಿಕೆಯಲ್ಲಿ ಸುಡುತ್ತವೆ. ಆಟ ಹೆಚ್ಚಾದರೆ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ, ಸಿಗ್ನಲ್ಲಿನಲ್ಲಿ ಎಷ್ಟು ತುಳಿದರೂ ನ್ಯೂಟ್ರಲ್ ಸಿಗುವುದಿಲ್ಲ. ಬಹಳ ಜನ ವೈರು ಬದಲಿಸಿದ ಹೊಸತರಲ್ಲಿ 'ಟೈಟಾಗಿರಲಿ' ಎಂದು ಬಿಗಿ ಮಾಡಿಸಿಕೊಳ್ಳುತ್ತಾರೆ. ಪ್ಲೇಟು ಸುಡುವುದು ಅಲ್ಲಿಂದ ಶುರು.

ಪ್ಲೇಟು ಹೋಗಿದೆಯೇ ಎಂದು ನೀವೇ ನೋಡಬಹುದು. ಖಾಲಿ ನೇರ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ದಿಢೀರನೆ ಏರಿ ವೇಗ ಮಾತ್ರ ನಿಧಾನಕ್ಕೆ ಏರಿದರೆ ಪ್ಲೇಟು ಜಾರುತ್ತಿದೆ. ಆಟ ಸರಿ ಮಾಡಿದ ಮೇಲೂ ಜಾರಿದರೆ ಪ್ಲೇಟುಗಳ ಜೊತೆಗೆ ಸ್ಪ್ರಿಂಗುಗಳನ್ನೂ ಬದಲಿಸಿ. ಸ್ಪ್ರಿಂಗಿನ ಬೆಲೆ ಅಲ್ಪ, ಅದಕ್ಕಾಗಿ ಮತ್ತೆ ಕವರ್ ಬಿಚ್ಚುವ ಕೂಲಿ ಜಾಸ್ತಿ.

ಓಡಿಸುವ ಅಭ್ಯಾಸದಲ್ಲಿ ಬದಲಿಸಬೇಕಾದದ್ದು ಒಂದೇ. ಮುಂದಿನ ವಾಹನ ಒಂದಡಿ ಸರಿದಾಗ ನೀವೂ ಒಂದಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಬಿಡುವವರೆಗೆ ಕಾಯಿರಿ, ಆಮೇಲೆ ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಉರುಳಿ, ಮತ್ತೆ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಏರಿನಲ್ಲಿ ಬೈಕು ಹಿಂದೆ ಜಾರದಂತೆ ಹಿಡಿಯುವುದು ಹಿಂದಿನ ಬ್ರೇಕಿನ ಕೆಲಸ, ಹಾಫ್ ಕ್ಲಚ್ಚಿನದಲ್ಲ. ನಿಂತಾಗ ನ್ಯೂಟ್ರಲ್ ಮಾಡಿ ಎಡಗೈ ಬಿಡಿ. ಸಿಗ್ನಲ್ 30 ಸೆಕೆಂಡಿಗಿಂತ ಹೆಚ್ಚು ಇದೆ ಎಂದು ಗೊತ್ತಾದರೆ ಎಂಜಿನ್ ಆಫ್ ಮಾಡಿ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ನಿಂತಲ್ಲಿ ಗಾಳಿ ಸಿಗುವುದಿಲ್ಲ.

ಮಣಿಕಟ್ಟಿನ ನೋವಿಗೂ ಇದೇ ಕಾರಣ ಇರಬಹುದು. ಒಣಗಿದ ವೈರು ಗಟ್ಟಿಯಾಗಿರುತ್ತದೆ. ಅದರ ಜೊತೆಗೆ ಲಿವರಿನ ಕೋನ ನೋಡಿ. ಸೀಟಿನಲ್ಲಿ ಕೂತು ಕೈ ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಲಿವರಿನ ಮೇಲೆ ಕೂರಬೇಕು. ಕಾರ್ಖಾನೆಯಿಂದ ಬಂದಾಗ ಲಿವರು ಹೆಚ್ಚಾಗಿ ಮೇಲೆತ್ತಿರುತ್ತದೆ, ಕೈ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಿಡಿಕೆಯ ಬೋಲ್ಟು ಸಡಿಲಿಸಿ ಸ್ವಲ್ಪ ಕೆಳಗೆ ತಿರುಗಿಸಿದರಾಯಿತು, ಕಾಸಿನ ಖರ್ಚಿಲ್ಲ. ಎರಡು ಮೂರು ವಾರದಲ್ಲೂ ನೋವು ಇಳಿಯದಿದ್ದರೆ, ಬೆರಳು ಜೋಮು ಹಿಡಿದರೆ, ಮೂಳೆ ವೈದ್ಯರನ್ನು ಕಾಣಿ.

ಮೈಲೇಜು ಹೋದದ್ದೆಲ್ಲಿ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದಕ್ಕೇ ಮೈಲೇಜು ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಇರುತ್ತದೆ. ಐದನೇ ಒಂದು ಪಾಲು ಎಥನಾಲ್ ಬೆರೆತರೆ ಒಟ್ಟು ಶಕ್ತಿ ಶೇ. 7ರ ಆಸುಪಾಸು ಕಡಿಮೆ. 60ಕ್ಕೆ ಅದು ನಾಲ್ಕು ಕಿಲೋಮೀಟರಾಯಿತು. ನಿಮ್ಮದು ಹದಿನೈದು ಬಿದ್ದಿದೆ. ಉಳಿದ ಹನ್ನೊಂದನ್ನು ಬೈಕಿನಲ್ಲೇ ಹುಡುಕಬೇಕು.

ಸುಲಭದಿಂದ ಕಷ್ಟಕ್ಕೆ ಹೋಗಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಹಿಡಿಸಿ. ಎಷ್ಟು ಹಿಡಿಸಬೇಕು ಎಂಬುದು ಚೈನ್ ಕವರ್ ಅಥವಾ ಹಿಂದಿನ ಫೋರ್ಕಿನ ಮೇಲಿನ ಸ್ಟಿಕ್ಕರಿನಲ್ಲಿದೆ, ಒಬ್ಬರಿಗೊಂದು, ಇಬ್ಬರಿಗೊಂದು. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ಲಿನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಒಂದು ಸುತ್ತೂ ಹೋಗದೆ ನಿಂತರೆ ಬ್ರೇಕ್ ಶೂ ಹಿಡಿದಿದೆ ಅಥವಾ ಚೈನು ಬಿಗಿಯಾಗಿದೆ. ಚೈನಿನ ಕೆಳಭಾಗದ ನಡುವಿನಲ್ಲಿ ಬೆರಳಿಟ್ಟು ಮೇಲೆ ಕೆಳಗೆ ಅಲ್ಲಾಡಿಸಿದರೆ ಒಟ್ಟು 25ರಿಂದ 30 ಮಿ.ಮೀ. ಸರಿಯಬೇಕು. ಚಕ್ರವನ್ನು ಸುತ್ತಿಸಿ ನಾಲ್ಕೈದು ಜಾಗದಲ್ಲಿ ಅಳೆಯಿರಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಬಂದರೆ ಚೈನ್ ಸ್ಪ್ರಾಕೆಟ್ ಸೆಟ್ ಮುಗಿದಿದೆ, ಹೊಂದಾಣಿಕೆಯಿಂದ ಉಪಯೋಗವಿಲ್ಲ. ಚೈನನ್ನು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದ ಮರುದಿನವೂ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಉಜ್ಜಿ ಒರೆಸಿ, ಗೇರ್ ಆಯಿಲ್ ಹಚ್ಚಿ. ಪೆಟ್ರೋಲ್ ಬೇಡ.

ಏರ್ ಫಿಲ್ಟರಿನಲ್ಲಿ ಒಂದು ಎಚ್ಚರಿಕೆ. ಈಗಿನ ಹೆಚ್ಚಿನ ಬೈಕುಗಳಲ್ಲಿ ಎಣ್ಣೆ ಸವರಿದ ಕಾಗದದ ಫಿಲ್ಟರ್ ಇರುತ್ತದೆ. ಅದಕ್ಕೆ ಗ್ಯಾರೇಜಿನಲ್ಲಿ ಗಾಳಿ ಹೊಡೆದು 'ಕ್ಲೀನ್ ಮಾಡಿದೆ' ಎಂದರೆ ಹಾಳು ಮಾಡಿದರು ಎಂದೇ ಅರ್ಥ. ಎಣ್ಣೆ ಹಾರಿಹೋಗಿ ಧೂಳು ನೇರ ಒಳಗೆ ಹೋಗುತ್ತದೆ. ಅದು ಬದಲಿಸುವ ವಸ್ತು, ತೊಳೆಯುವುದಲ್ಲ. ಫೋಮ್ ಫಿಲ್ಟರ್ ಇದ್ದರೆ ಮಾತ್ರ ತೊಳೆದು ಎಣ್ಣೆ ಹಾಕಿ ಹಿಂಡಿ ಕೂರಿಸಬಹುದು. ಮೆಟ್ರೊ ಕಾಮಗಾರಿ, ರಸ್ತೆ ಅಗೆತ ಇರುವ ದಾರಿಯಲ್ಲಿ ಇದು ಬೇಗ ಕಟ್ಟುತ್ತದೆ. ಸ್ಪಾರ್ಕ್ ಪ್ಲಗ್ಗಿನ ಸಂದು 0.8–0.9 ಮಿ.ಮೀ. ಆಸುಪಾಸಿನಲ್ಲಿರಲಿ. ತುದಿ ಕಪ್ಪು ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಕಾರ್ಬುರೇಟರ್ ಟ್ಯೂನಿಂಗ್ ನೋಡಿಸಿ. ಇಷ್ಟೆಲ್ಲ ಸರಿಯಿದ್ದರೆ ಮತ್ತೆ ಮೇಲೆ ಹೇಳಿದ ಕ್ಲಚ್ಚೇ. ಜಾರುವ ಕ್ಲಚ್ಚಿನಲ್ಲಿ ಪೆಟ್ರೋಲು ಚಕ್ರಕ್ಕೆ ಹೋಗುವ ಬದಲು ಶಾಖವಾಗಿ ಹೋಗುತ್ತದೆ.

ಎಂಜಿನ್ ಆಯಿಲ್ಲನ್ನು ನಿಮ್ಮ ಓಡಾಟಕ್ಕೆ 3,000 ಕಿಲೋಮೀಟರಿಗೆ ಬದಲಿಸಿ, ಅಂದರೆ ಮೂರು ತಿಂಗಳು ಚಿಲ್ಲರೆ. ದರ್ಜೆ ಮ್ಯಾನುಯಲ್ಲಿನಲ್ಲಿ ಇರುವಂತೆಯೇ ಇರಲಿ. ಗೇರು ಬೈಕಿನಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಡಬ್ಬಿಯ ಮೇಲೆ ಸಾಮಾನ್ಯವಾಗಿ ಜಾಸೊ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಹೆಚ್ಚಾಗಿ ಸ್ಕೂಟರಿನದು. ಕಾರಿನ ಎಣ್ಣೆ ಹಾಕಿದರೆ ಅದರಲ್ಲಿನ ಜಾರು ಮಿಶ್ರಣದಿಂದ ಹೊಸ ಪ್ಲೇಟೂ ಜಾರುತ್ತದೆ.

ಬ್ರೇಕು, ಟೈರು

ಡ್ರಮ್ ಬ್ರೇಕು ಕೆಟ್ಟದ್ದಲ್ಲ, ಆದರೆ ಗಮನ ಕೇಳುತ್ತದೆ. ಹಿಂದಿನ ಪೆಡಲಿನ ಆಟ 20ರಿಂದ 30 ಮಿ.ಮೀ. ಇರಲಿ. ಬ್ರೇಕ್ ಪೂರ್ತಿ ತುಳಿದಾಗ ಡ್ರಮ್ಮಿನ ಹೊರಗಿನ ತೋಳಿನ ಬಾಣ, ಪ್ಲೇಟಿನ ಮೇಲಿನ ಗುರುತು ಮುಟ್ಟಿದರೆ ಶೂ ಮುಗಿದಿದೆ. ಗ್ಯಾರೇಜಿಗೆ ಕೇಳುವ ಅಗತ್ಯವಿಲ್ಲ, ಹಲವು ಬೈಕುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಹೊಂದಾಣಿಕೆ ಮಾಡಿದ ಮೇಲೆ ಹಿಂದಿನ ಬ್ರೇಕ್ ಲೈಟು ಪೆಡಲ್ ಸ್ವಲ್ಪ ಒತ್ತಿದ ಕೂಡಲೇ ಹತ್ತುತ್ತದೆಯೇ ನೋಡಿ. ಬಹಳ ಬೈಕುಗಳಲ್ಲಿ ಈ ಸ್ವಿಚ್ಚು ಮರೆತೇ ಹೋಗಿರುತ್ತದೆ, ಬ್ರೇಕು ಅರ್ಧ ಹಿಡಿದ ಮೇಲೆ ಲೈಟು ಹತ್ತುತ್ತದೆ, ಹಿಂದಿನ ಬಿಎಂಟಿಸಿ ಚಾಲಕರಿಗೆ ಅಷ್ಟು ಸಮಯ ನಷ್ಟ.

40ರ ವೇಗದಲ್ಲಿ ಬೈಕು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಹಿಡಿದರೆ ಅಲ್ಲಿಗೇ 11 ಮೀಟರ್ ಕಳೆಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದರೆ ಇನ್ನೊಂದು 12 ಮೀಟರ್, ಒದ್ದೆ ರಸ್ತೆಯಲ್ಲಿ 20 ದಾಟುತ್ತದೆ. ಒಟ್ಟು 23 ಮೀಟರ್, ಮಳೆಯಲ್ಲಿ 30ಕ್ಕೂ ಹೆಚ್ಚು. ನಾಯಂಡಹಳ್ಳಿ ಕಡೆಯ ಸಂಜೆ ದಟ್ಟಣೆಯಲ್ಲಿ ಇಷ್ಟು ಜಾಗ ಯಾರೂ ಬಿಡುವುದಿಲ್ಲ, ಬಿಟ್ಟರೆ ಆಟೊ ಬಂದು ಸೇರುತ್ತದೆ. ಆದ್ದರಿಂದ ಇಳಿಸಬೇಕಾದದ್ದು ವೇಗ. ಬ್ರೇಕ್ ಹಿಡಿಯುವಾಗ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಚಕ್ರದ್ದು. ಹಿಂದಿನದನ್ನಷ್ಟೇ ತುಳಿಯುವ ಅಭ್ಯಾಸವಿದ್ದರೆ ಖಾಲಿ ಮೈದಾನದಲ್ಲಿ ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಂತಹಂತವಾಗಿ ಹಿಂಡಿ ಕಲಿಯಿರಿ. ನಿಮ್ಮ ಬೈಕಿನ ನಂತರ, 2019ರ ಏಪ್ರಿಲಿನಿಂದ, 125 ಸಿಸಿವರೆಗಿನ ಹೊಸ ಬೈಕುಗಳಿಗೆ ಎರಡೂ ಬ್ರೇಕನ್ನು ಜೋಡಿಸುವ ಸಿಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ನಿಮ್ಮ ಬೈಕಿನಲ್ಲಿ ಅದಿಲ್ಲದಿದ್ದರೆ ಆ ಕೆಲಸ ನಿಮ್ಮ ಕೈಕಾಲಿನದು.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕಂಕಿ ಇರುತ್ತದೆ. 2317 ಎಂದರೆ 2017ರ 23ನೇ ವಾರ ತಯಾರಾದದ್ದು. ಬೈಕಿನ ಜೊತೆ ಬಂದ ಟೈರೇ ಇನ್ನೂ ಇದ್ದರೆ, ಮೇಲಿನ ಗೀರುಗಳ ಆಳ ಎಷ್ಟೇ ಉಳಿದಿದ್ದರೂ, ರಬ್ಬರು ಗಟ್ಟಿಯಾಗಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ. ಐದಾರು ವರ್ಷ ದಾಟಿದ ಟೈರು ಒಣ ರಸ್ತೆಯಲ್ಲಿ ಮೋಸ ಮಾಡುವುದಿಲ್ಲ, ಮಳೆಯಲ್ಲಿ ಮಾಡುತ್ತದೆ. ನೀವು ಬಿದ್ದದ್ದಕ್ಕೆ ಮೊದಲ ಸಂಶಯ ಇದರ ಮೇಲೆ. ಬದಲಿಸುವುದಾದರೆ ಮುಂದಿನದರಿಂದ ಶುರು ಮಾಡಿ. ಹಿಂದಿನದು ಜಾರಿದರೆ ಸುಧಾರಿಸಿಕೊಳ್ಳಲು ಅವಕಾಶವಿದೆ, ಮುಂದಿನದಕ್ಕೆ ಇಲ್ಲ.

ನಿಮ್ಮ ದಾರಿ

ಕೆಂಗೇರಿಯಿಂದ ನಾಯಂಡಹಳ್ಳಿವರೆಗೆ ರಸ್ತೆ ಅಗಲವಾಗಿದೆ, ಅದೇ ಅಪಾಯ. ಊರಿನಿಂದ ಬರುವ ಬಸ್ಸು ಲಾರಿಗಳು ಹೆದ್ದಾರಿಯ ವೇಗದಲ್ಲೇ ಇರುತ್ತವೆ. ರಾಜರಾಜೇಶ್ವರಿ ನಗರದ ಕಮಾನಿನ ಬಳಿ ಎಡದಿಂದ ಬಂದು ಬಲಕ್ಕೆ ಅಡ್ಡ ಹಾಯುವವರು ಹೆಚ್ಚು. ಅಲ್ಲಿ ತೀರ ಎಡಕ್ಕೂ ತೀರ ಬಲಕ್ಕೂ ಇರಬೇಡಿ, ಎಡದಿಂದ ಎರಡನೆಯ ಸಾಲು ಹಿಡಿಯಿರಿ. ಬ್ಯಾಟರಾಯನಪುರದ ಸ್ಯಾಟಲೈಟ್ ಬಸ್ ನಿಲ್ದಾಣದ ಎದುರು ಕೆಎಸ್‌ಆರ್‌ಟಿಸಿ ಬಸ್ಸು ಹೊರಬರುವಾಗ ಅದರ ಮೂತಿ ಕಂಡರೆ ಬಾಲದ ಲೆಕ್ಕವನ್ನೂ ಹಾಕಿ. ಹನ್ನೆರಡು ಮೀಟರಿನ ಬಸ್ಸು ತಿರುಗುವಾಗ ಹಿಂದಿನ ಚಕ್ರ ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಬಸ್ಸಿನ ಎಡಕ್ಕೆ, ಅದೂ ಸ್ಟಾಪಿನ ಹತ್ತಿರ, ನುಗ್ಗುವುದು ಪೇಟೆಯಲ್ಲಿ ಬೈಕಿನವರು ಮಾಡುವ ಅತಿ ದೊಡ್ಡ ತಪ್ಪು. ಒಂದು ಕಡೆ ಇಳಿಯುವ ಜನ, ಇನ್ನೊಂದು ಕಡೆ ಚಕ್ರ, ನಡುವೆ ನೀವು. ಬಸ್ಸಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವು ಅವರಿಗೆ ಕಾಣುತ್ತಿಲ್ಲ.

ಆಟೊಗಳ ಇಂಡಿಕೇಟರ್ ನಂಬಬೇಡಿ, ಮುಂದಿನ ಚಕ್ರ ನೋಡಿ. ತಿರುಗುವ ಅರ್ಧ ಸೆಕೆಂಡು ಮೊದಲೇ ಆ ಚಕ್ರ ವಾಲುತ್ತದೆ. ಫುಟ್‌ಪಾತಿನಲ್ಲಿ ಕೈ ಎತ್ತಿದ ಜನ ಕಂಡರೆ ನಿಮ್ಮ ಮುಂದಿನ ಖಾಲಿ ಆಟೊ ಎಡಕ್ಕೆ ಎಳೆಯುತ್ತದೆ ಎಂದೇ ತಿಳಿಯಿರಿ. ಟ್ಯಾಕ್ಸಿಯಲ್ಲಿ ಹಿಂದೆ ಕೂತವರ ತಲೆ ಬಾಗಿಲ ಕಡೆ ತಿರುಗಿದರೆ ಬಾಗಿಲು ತೆರೆಯುತ್ತದೆ. ನಿಂತ ವಾಹನಗಳ ನಡುವೆ ನುಸುಳುವುದನ್ನು ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ನುಸುಳಲೇಬೇಕಿದ್ದರೆ ಎಲ್ಲವೂ ಪೂರ್ತಿ ನಿಂತಾಗ ಮಾತ್ರ, ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ, ಎರಡು ಬೆರಳು ಬ್ರೇಕಿನ ಮೇಲಿಟ್ಟು. ಸಾಲು ಚಲಿಸಲು ಶುರುವಾದ ಕೂಡಲೇ ಯಾವುದಾದರೂ ಒಂದು ಸಾಲಿಗೆ ಸೇರಿಕೊಳ್ಳಿ. ಸ್ಟಾಪ್ ಲೈನ್ ದಾಟಿ ಜೀಬ್ರಾ ಮೇಲೆ ನಿಲ್ಲಬೇಡಿ. ಜಂಕ್ಷನ್ನುಗಳ ಕ್ಯಾಮೆರಾ ಅದನ್ನೂ ಹಿಡಿಯುತ್ತದೆ, ನೋಟಿಸು ಮನೆಗೆ ಬರುತ್ತದೆ.

ಸಿರ್ಸಿ ಸರ್ಕಲ್ಲಿನಿಂದ ಟೌನ್ ಹಾಲ್‌ವರೆಗಿನ ಬಿಜಿಎಸ್ ಮೇಲ್ಸೇತುವೆ ಎರಡೂವರೆ ಕಿಲೋಮೀಟರಿಗೂ ಉದ್ದ. ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ಪೆಟ್ರೋಲ್ ರಿಸರ್ವಿಗೆ ಬಂದಿದ್ದರೆ, ಕ್ಲಚ್ ಅನುಮಾನವಿದ್ದರೆ, ಕೆಳಗಿನ ರಸ್ತೆಯಲ್ಲೇ ಹೋಗಿ. ಸೇತುವೆಯ ಜೋಡಣೆ ಸಂದುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಆಕ್ಸಿಲರೇಟರ್ ಬಿಟ್ಟು ನೇರವಾಗಿ ದಾಟಿ. ಟೌನ್ ಹಾಲಿನಿಂದ ಹಡ್ಸನ್ ಸರ್ಕಲ್, ಅಲ್ಲಿಂದ ಮುಂದೆ ಪೇಟೆಯ ಒನ್‌ವೇಗಳ ಬಲೆ. ಇಲ್ಲಿ ಕೊನೆಯ ಗಳಿಗೆಯಲ್ಲಿ ಸಾಲು ಬದಲಿಸುವವರೇ ಹೆಚ್ಚು. ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಪೂರ್ತಿ ದಾರಿ ಓಡಿಸಿ, ಯಾವ ತಿರುವಿಗೆ ಯಾವ ಸಾಲು ಎಂದು ಮನಸ್ಸಿಗೆ ಹಾಕಿಕೊಳ್ಳಿ. ಫೋನಿನ ನಕ್ಷೆ ನೋಡುತ್ತಾ ಕಲಿಯುವ ಜಾಗವಲ್ಲ ಅದು.

ಬಿಡದಿ, ರಾಮನಗರದ ಕಡೆಯಿಂದ ಬರುವವರಿಗೆ ಒಂದು ಮಾತು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ, ಆ ಹೆಚ್ಚುವರಿ ಸಮಯವನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ.

ಉಬ್ಬುಗಳ ಬಗ್ಗೆಯೂ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 25ರ ವೇಗದಲ್ಲಿ ಆರಾಮಾಗಿ ದಾಟುವಂಥದ್ದು. ನಮ್ಮ ಬಡಾವಣೆಗಳ ಉಬ್ಬು ಅಷ್ಟೇ ಎತ್ತರವನ್ನು ಒಂದು ಮೊಳದೊಳಗೆ ಮುಗಿಸುತ್ತದೆ, ಬಣ್ಣವೂ ಇರುವುದಿಲ್ಲ. ಉಬ್ಬಾಗಲಿ ಗುಂಡಿಯಾಗಲಿ ತಪ್ಪಿಸಲಾಗದಿದ್ದರೆ ಬ್ರೇಕೆಲ್ಲ ಅದಕ್ಕೆ ಮೊದಲೇ ಮುಗಿಸಿ, ಮುಂದಿನ ಬ್ರೇಕ್ ಬಿಟ್ಟು, ಫುಟ್‌ರೆಸ್ಟಿನ ಮೇಲೆ ಸ್ವಲ್ಪ ಎದ್ದು ದಾಟಿ. ಗುಂಡಿಯೊಳಗೆ ಬ್ರೇಕ್ ಹಿಡಿದರೆ ಫೋರ್ಕ್ ಮೊದಲೇ ಕುಸಿದಿರುತ್ತದೆ, ಪೆಟ್ಟೆಲ್ಲ ರಿಮ್ಮಿಗೆ. ವೈಟ್ ಟಾಪಿಂಗ್ ಕಾಂಕ್ರೀಟು ಡಾಂಬರಿಗೆ ಸೇರುವ ಅಂಚು ನಿಮಗೆ ಸಮಾನಾಂತರವಾಗಿದ್ದರೆ ಅದನ್ನು ಸವರಿಕೊಂಡು ಹತ್ತಬೇಡಿ. ಸ್ವಲ್ಪ ದೂರ ಸರಿದು ಅಡ್ಡವಾಗಿ ಹತ್ತಿ.

ಮಳೆ

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗುಮಳೆ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್. ಅಪಾಯದ ಹೊತ್ತು ಮೊದಲ ಕಾಲು ಗಂಟೆ. ತಿಂಗಳುಗಟ್ಟಲೆ ಸೋರಿದ ಎಣ್ಣೆ, ಟೈರಿನ ಪುಡಿ, ಧೂಳು ನೀರಿನ ಜೊತೆ ಬೆರೆತು ಲೇಪದಂತೆ ನಿಲ್ಲುತ್ತದೆ. ಜೋರಾಗಿ ಸುರಿದ ಮೇಲೆ ರಸ್ತೆ ಎಷ್ಟೋ ವಾಸಿ. ಪೇಟೆಯ ನಡುವಿನ ಹಳೆಯ ರಸ್ತೆಗಳಲ್ಲಿ ಇನ್ನೊಂದಿದೆ: ಮಳೆಮರದ ಕಾಯಿ. ಬೇಸಿಗೆಯಲ್ಲಿ ಉದುರಿ ಚಕ್ರಕ್ಕೆ ಸಿಕ್ಕು ಜಜ್ಜಿದಾಗ ಅದರ ಸಿಹಿ ಅಂಟು ರಸ್ತೆಗೆ ಮೆತ್ತಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಕು. ಕಪ್ಪಗೆ ಮಿನುಗುವ ಮರದ ನೆರಳಿನಲ್ಲಿ ಬೈಕು ವಾಲಿಸಬೇಡಿ. ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಯವರು ಹಾಸಿದ ಕಬ್ಬಿಣದ ಹಾಳೆ, ನಿಮ್ಮ ಚರ್ಚ್ ಸ್ಟ್ರೀಟಿನ ಕಲ್ಲುಹಾಸು, ಇವುಗಳ ಮೇಲೂ ಅಷ್ಟೇ. ವಾಲಿಸುವುದು, ಬ್ರೇಕು, ಗೇರು ಇಳಿಸುವುದು ಮೂರೂ ಬೇಡ.

ನಿಂತ ನೀರಿಗೆ ಅಳತೆ ಚಕ್ರದ ನಡುವಿನ ಅಚ್ಚು. ಮುಂದೆ ಹೋಗುವ ಬೈಕಿನ ಅಚ್ಚು ಮುಳುಗಿದ್ದು ಕಂಡರೆ ತಿರುಗಿ. ಅದಕ್ಕಿಂತ ಕಡಿಮೆಯಿದ್ದರೆ ಫಸ್ಟ್ ಗೇರು, ಒಂದೇ ಸಮ ರೇಸು, ನಡುವೆ ಬಿಡಬಾರದು, ಬಿಟ್ಟರೆ ಸೈಲೆನ್ಸರಿಗೆ ನೀರು ಏರುತ್ತದೆ. ಆಳದ ನೀರಿನಲ್ಲಿ ಎಂಜಿನ್ ನಿಂತರೆ ಸ್ಟಾರ್ಟ್ ಮಾಡಲು ಹೋಗಬೇಡಿ, ತಳ್ಳಿ ಹೊರಗೆ ತನ್ನಿ. ಸಿಲಿಂಡರಿಗೆ ನೀರು ಸೇರಿದ್ದರೆ ಸೆಲ್ಫ್ ಒತ್ತಿದಾಗ ಕನೆಕ್ಟಿಂಗ್ ರಾಡ್ ಬಾಗಬಹುದು. ದಾಟಿದ ಮೇಲೆ ನೂರು ಮೀಟರ್ ಎರಡೂ ಬ್ರೇಕನ್ನು ಲಘುವಾಗಿ ಹಿಡಿದೇ ಹೋಗಿ. ಡ್ರಮ್ಮಿನೊಳಗೆ ಸೇರಿದ ನೀರು ಒಣಗುವವರೆಗೆ ಬ್ರೇಕ್ ಇಲ್ಲವೆಂದೇ ಲೆಕ್ಕ. ಜೋರು ಮಳೆಯಲ್ಲಿ ಅಂಡರ್‌ಪಾಸಿಗೆ ಇಳಿಯಲೇಬೇಡಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರೇ ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನಿಮ್ಮ ದಾರಿಯಲ್ಲಿ ಗಾಳಿ ಆಂಜನೇಯ ದೇವಸ್ಥಾನದ ಆಸುಪಾಸು ವೃಷಭಾವತಿ ಉಕ್ಕುವ ಜಾಗ. ಕಚೇರಿಯಿಂದ ಹೊರಡುವ ಮೊದಲೇ ಕೆಂಗೇರಿ ಕಡೆ ಮಳೆಯಿದೆಯೇ ಎಂದು ಮನೆಗೆ ಫೋನು ಮಾಡಿ ಕೇಳಿ. ಮಳೆಗೆ ಮೇಲ್ಸೇತುವೆ ಕೆಳಗೆ ರಸ್ತೆಯ ಮೇಲೆಯೇ ಗುಂಪು ನಿಲ್ಲುವುದು ಮಳೆಗಿಂತ ಅಪಾಯ. ಮಂದ ಬೆಳಕಿನಲ್ಲಿ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ. ಬಂಕು ಅಥವಾ ಮೆಟ್ರೊ ನಿಲ್ದಾಣ ಹುಡುಕಿ.

ರೇನ್‌ಕೋಟು ಕಪ್ಪು, ಕಡುನೀಲಿ ಬೇಡ. ಹಳದಿ ಅಥವಾ ಕಿತ್ತಳೆ, ಬೆನ್ನಿಗೆ ಹೊಳೆಯುವ ಪಟ್ಟಿ. ತಲೆಯಿಂದ ಇಳಿಬಿಡುವ ನಿಲುವಂಗಿಯಂಥದ್ದು ಗಾಳಿಗೆ ಹಾರಿ ಚೈನಿಗೆ ಸಿಕ್ಕುತ್ತದೆ, ಜಾಕೆಟ್ಟು ಪ್ಯಾಂಟೇ ಸರಿ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವ, ಐಎಸ್ 4151 ಗುರುತಿನದು. ಪಟ್ಟಿ ಬಿಗಿದಾಗ ಗಲ್ಲದ ಕೆಳಗೆ ಎರಡು ಬೆರಳು ಮಾತ್ರ ತೂರಬೇಕು. ಹಿಂದೆ ಕೂರುವವರಿಗೂ ಬೇಕು. ಗಾಜಿಗೆ ಉಸಿರು ಕಟ್ಟುವುದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ದ್ರವವನ್ನು ಒಳಭಾಗಕ್ಕೆ ಸವರಿ, ಒಣಬಟ್ಟೆಯಲ್ಲಿ ಗುರುತು ಹೋಗುವವರೆಗೆ ಒರೆಸಿದರೆ ಎರಡು ಮೂರು ದಿನ ಬರುತ್ತದೆ. ಸಂಜೆ ಮರಳುವವರಿಗೆ ಬಣ್ಣದ ಗಾಜು ಬೇಡವೇ ಬೇಡ.

ಕೊನೆಯ ಪ್ರಶ್ನೆ: ಯಾವ ಗಾಡಿ

350 ಸಿಸಿ ಬೈಕುಗಳ ತೂಕ 180ರಿಂದ 195 ಕೆ.ಜಿ., ನಿಮ್ಮದು 120ರ ಆಸುಪಾಸು. ಗಂಟೆಗೆ 16 ಕಿ.ಮೀ. ಸರಾಸರಿಯಲ್ಲಿ ಆ ಶಕ್ತಿಗೆ ಕೆಲಸವಿಲ್ಲ, ಆ ತೂಕಕ್ಕೆ ಮಾತ್ರ ಇದೆ. ಕ್ಲಚ್ಚು ಇನ್ನೂ ಬಿಗಿ, ಕಾಲಿಗೆ ತಾಗುವ ಶಾಖ ಜಾಸ್ತಿ, ಕಚೇರಿಯ ನೆಲಮಾಳಿಗೆಯಲ್ಲಿ ಹಿಂದೆ ಎಳೆಯುವಾಗ ಸೊಂಟಕ್ಕೆ ಪೆಟ್ಟು. ವಾರಾಂತ್ಯಕ್ಕೆ ಆಸೆಯಿದ್ದರೆ ತಗೊಳ್ಳಿ, ಕಚೇರಿಗಾಗಿ ಬೇಡ.

ಗೇರಿಲ್ಲದ ಸ್ಕೂಟರು ಎಡಗೈಗೆ ನಿಜಕ್ಕೂ ಬಿಡುವು ಕೊಡುತ್ತದೆ. ಆದರೆ 10 ಅಥವಾ 12 ಇಂಚಿನ ಚಕ್ರ ಗುಂಡಿಗೆ ಇಳಿದರೆ ಬೈಕಿನ 17–18 ಇಂಚಿನ ಚಕ್ರದಷ್ಟು ಸಲೀಸಾಗಿ ಏಳುವುದಿಲ್ಲ. ಮನೆಯಲ್ಲಿ ನಿಮ್ಮದೇ ಪಾರ್ಕಿಂಗ್, ಅಲ್ಲಿಗೆ ಪ್ಲಗ್ಗು ಎರಡೂ ಇದ್ದರೆ ಎಲೆಕ್ಟ್ರಿಕ್ ಸ್ಕೂಟರ್ ಈ ದಾರಿಗೆ ಹೇಳಿ ಮಾಡಿಸಿದ್ದು. ದಿನಕ್ಕೆ 36 ಕಿ.ಮೀ. ಅದಕ್ಕೆ ದೊಡ್ಡದಲ್ಲ, ನಿಂತಾಗ ಖರ್ಚಿಲ್ಲ, ಕ್ಲಚ್ಚಿಲ್ಲ. ಮೂರನೇ ಮಹಡಿಯಿಂದ ವೈರು ಇಳಿಬಿಡುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಮೆಟ್ರೊ ವಿಷಯದಲ್ಲಿ ನಿಮ್ಮದು ಅದೃಷ್ಟದ ವಿಳಾಸ. ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂತು. ಕೆಂಗೇರಿಯಿಂದ ಎಂ.ಜಿ. ರಸ್ತೆಗೆ ಗಾಡಿ ಬದಲಿಸದೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು, ಅಲ್ಲಿಂದ ಚರ್ಚ್ ಸ್ಟ್ರೀಟ್ ನಡಿಗೆ ದೂರ. ಪೂರ್ತಿ ಬೈಕು ಬಿಡಿ ಎಂದು ಹೇಳುವುದಿಲ್ಲ. ಮಳೆಗಾಲದಲ್ಲಿ, ರಾತ್ರಿ ನಿದ್ದೆ ಸಾಲದ ದಿನ, ಮಣಿಕಟ್ಟು ನೋಯುವ ವಾರ ಮೆಟ್ರೊ ಹಿಡಿಯಿರಿ, ನಿಲ್ದಾಣದವರೆಗೆ ಮಾತ್ರ ಬೈಕು. ಅಲ್ಲಿ ನಿಲ್ಲಿಸುವಾಗ ಹ್ಯಾಂಡಲ್ ಲಾಕ್ ಹಾಕಿ, ಡಬಲ್ ಸ್ಟ್ಯಾಂಡ್ ಬಳಸಿ. ಬೈಕು ವಾರಕ್ಕಿಂತ ಹೆಚ್ಚು ದಿನ ಕದಲದೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಖಾಲಿ ಮಾಡಿಡಿ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಕಾರ್ಬುರೇಟರಿನ ಸಣ್ಣ ತೂತು (ಜೆಟ್ಟು) ಕಟ್ಟಿ ಮತ್ತೆ ಮೈಲೇಜಿನ ದೂರು ಶುರುವಾಗುತ್ತದೆ.